ಆರನೆಯ ಕೆಲಸದ ದಿನದ ಎಣಿಕೆ ಹಾಗೂ ಖಾಸಗಿ ಶಾಲೆಗಳ ಮಾನ್ಯತೆ ಕುರಿತು ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕೇರಳ ವಿಧಾನಸಭೆಯ ಅರ್ಜಿ ಸಮಿತಿ,
ತಿರುವನಂತಪುರ.

ಇವರಿಂದ: ವಯನಾಡು ಜಿಲ್ಲೆ, ಮಾನಂದವಾಡಿ ತಾಲೂಕು, ಪಯ್ಯಂಪಳ್ಳಿ ಭಾಗದ ಕನ್ನಡ ಮನೆಮಾತಿನ ಹೆತ್ತವರು ಮತ್ತು ನಾಗರಿಕರು.

ವಿಷಯ: ಖಾಸಗಿ ಶಾಲೆಗಳಿಗೆ ಮಾನ್ಯತೆ ನೀಡುವಾಗ ನೆರೆಯ ಸಾರ್ವಜನಿಕ ಶಾಲೆಯ ಅಧ್ಯಾಪಕ ಹುದ್ದೆಗಳನ್ನು ಉಳಿಸುವ ಬಗ್ಗೆ.

ಮಾನ್ಯರೇ,

ಈ ವಿಷಯವಾಗಿ ಹಿಂದೆ ಕೊಟ್ಟ ಅರ್ಜಿಗಳಿಗೆ ಸ್ವೀಕೃತಿ ಚೀಟಿ ಬಂದಿದೆ, ಉತ್ತರ ಬಂದಿಲ್ಲ. ಒಂದು ಅರ್ಜಿಯಂತೂ ಕನ್ನಡ ಓದುವವರಿಲ್ಲ ಎಂಬ ಷರಾ ಹೊತ್ತು ಮರಳಿತು. ಸೆಕ್ರೆಟರಿಯೇಟಿನೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯೇ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿರುವುದು ತಮಗೆ ತಿಳಿಯದ್ದಲ್ಲ. ಆದರೂ ಈ ಸಲ ಮಲಯಾಳ ಅನುವಾದವನ್ನು ಜೊತೆಗಿಟ್ಟಿದ್ದೇವೆ. ಓದಲಾಗಲಿಲ್ಲ ಎಂಬ ಮಾತಿಗೆ ಎಡೆ ಬೇಡ. ಖಾಸಗಿ ಶಾಲೆಗಳನ್ನು ಮುಚ್ಚಿಸಿ ಎಂದು ನಾವು ಕೇಳುತ್ತಿಲ್ಲ. ಅವು ಇರಲಿ. ಆದರೆ ಸಾರ್ವಜನಿಕ ಶಾಲೆಯಿಂದ ಅಲ್ಲಿಗೆ ಹೋಗುವ ಒಂದೊಂದು ಮಗುವಿನ ಹಿಂದೆಯೇ ಇಲ್ಲಿ ಉಳಿದ ಮಕ್ಕಳ ಅಧ್ಯಾಪಕ ಹುದ್ದೆಯೂ ಹೊರಟುಹೋಗುವಂತೆ ನಿಯಮ ಮಾಡಿಟ್ಟಿರುವುದು ಸರಕಾರವೇ. ನಮ್ಮ ತಕರಾರು ಆ ನಿಯಮದ ಮೇಲೆ.

ಪ್ರತಿ ವರ್ಷ ಶಾಲೆ ತೆರೆದ ಆರನೆಯ ಕೆಲಸದ ದಿನ ಹಾಜರಿರುವ ಮಕ್ಕಳ ಸಂಖ್ಯೆಯ ಮೇಲೆ ಆ ವರ್ಷದ ಹುದ್ದೆಗಳು ನಿಗದಿಯಾಗುತ್ತವೆ. ಕಿರಿಯ ಪ್ರಾಥಮಿಕಕ್ಕೆ 30 ಮಕ್ಕಳಿಗೊಬ್ಬರು, ಹಿರಿಯ ಪ್ರಾಥಮಿಕಕ್ಕೆ 35 ಮಕ್ಕಳಿಗೊಬ್ಬರು ಅಧ್ಯಾಪಕರು ಎಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅಳತೆ. ಪೇಟೆಯ ದೊಡ್ಡ ಶಾಲೆಗೆ ಇದರಿಂದ ತೊಂದರೆಯಿಲ್ಲ. ಗಡಿಯಂಚಿನ ಸಣ್ಣ ಶಾಲೆಯಲ್ಲಿ ಒಂದು ಡಿವಿಷನ್ ನಿಂತಿರುವುದೇ ಎರಡು ಮೂರು ಮಕ್ಕಳ ಮೇಲೆ. ಅವರು ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತಿದರೆ ಡಿವಿಷನ್ ಹೋಯಿತು, ಹುದ್ದೆಯೂ ಹೋಯಿತು. ಬಸ್ಸಿನ ಫೀಸು ಕೊಡಲಾರದೆ ಉಳಿದವರು ಒಂದೇ ಕೋಣೆಯಲ್ಲಿ ತುಂಬಿಕೊಳ್ಳುತ್ತಾರೆ. ಮುಂದಿನ ವರ್ಷ ಆ ತುಂಬಿದ ಕೋಣೆಯನ್ನು ನೋಡಿದ ಇನ್ನಿಬ್ಬರು ಹೆತ್ತವರು ಮಗುವನ್ನು ಬಿಡಿಸಿಕೊಳ್ಳುತ್ತಾರೆ. ಇನ್ನು ಎಣಿಕೆಯ ದಿನ ಬರುವುದು ಜೂನ್ ತಿಂಗಳಲ್ಲಿ. ವಯನಾಡಿನ ಜೂನ್ ಎಂದರೆ ಮಳೆ, ಕೊಚ್ಚಿಹೋದ ಕಾಲುದಾರಿ. ಕೊಡಗಿನ ಕಾಫಿ ತೋಟ, ಶುಂಠಿ ಗದ್ದೆಗಳಿಗೆ ಕೂಲಿಗೆ ಹೋದ ಅಡಿಯ, ಪಣಿಯ ಕುಟುಂಬಗಳು ಮಕ್ಕಳ ಸಮೇತ ಇನ್ನೂ ಹಾಡಿಗೆ ಮರಳಿರುವುದಿಲ್ಲ. ಮರಳಿದ ಮಗುವೂ ಶಿಕ್ಷಣ ಇಲಾಖೆಯ ‘ಸಂಪೂರ್ಣ’ ಪೋರ್ಟಲಿನಲ್ಲಿ ಆಧಾರ್ ಸಂಖ್ಯೆ ಏರಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೆಂಚಿನ ಮೇಲೆ ಕೂತು ಮಧ್ಯಾಹ್ನದ ಊಟ ಮಾಡುತ್ತಿರುವ ಮಗು ಕಡತದ ಪ್ರಕಾರ ಹುಟ್ಟಿಯೇ ಇಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನರಲ್ಲಿ ಶೇಕಡಾ 18ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಕೇರಳದ ಬೇರೆ ಯಾವ ಜಿಲ್ಲೆಯಲ್ಲೂ ಈ ಪ್ರಮಾಣ ಇಷ್ಟಿಲ್ಲ. ಎಣಿಕೆಯ ದಿನಕ್ಕೂ ಜುಲೈ ಕೊನೆಗೂ ಇರುವ ಹಾಜರಿಯ ವ್ಯತ್ಯಾಸವನ್ನು ತೋರಿಸುವ ರಿಜಿಸ್ಟರ್ ಪ್ರತಿಗಳು, ಹುದ್ದೆ ನಿಗದಿ ಆದೇಶಗಳು, ಆಧಾರ್ ಬಾಕಿಯಿರುವ ಮಕ್ಕಳ ಪಟ್ಟಿ, ಪೇಟೆಯಿಂದ ಬರುವ ಶಾಲಾ ಬಸ್ಸುಗಳ ಮಾರ್ಗ ಮತ್ತು ಸಮಯ, ಪಿಟಿಎ ನಡಾವಳಿ ಎಲ್ಲವನ್ನೂ ಲಗತ್ತಿಸಿದ್ದೇವೆ. ಇವುಗಳಲ್ಲಿ ಹೆಚ್ಚಿನವು ಇಲಾಖೆಯದೇ ಕಾಗದಗಳು, ಮಾಹಿತಿ ಹಕ್ಕಿನಡಿ ನಾವು ಹಣ ಕೊಟ್ಟು ಪಡೆದವು.

ಖಾಸಗಿ ಆಡಳಿತಕ್ಕೆ ಶರತ್ತು ಹಾಕುವುದು ಕೇರಳಕ್ಕೆ ಹೊಸತೇನಲ್ಲ. ಜೋಸೆಫ್ ಮುಂಡಶ್ಶೇರಿಯವರು ಶಿಕ್ಷಣ ಮಂತ್ರಿಯಾಗಿದ್ದಾಗ ತಂದ ಮಸೂದೆಯಲ್ಲಿ ಅನುದಾನಿತ ಶಾಲೆಯ ಅಧ್ಯಾಪಕರನ್ನೂ ಲೋಕಸೇವಾ ಆಯೋಗದ ಪಟ್ಟಿಯಿಂದಲೇ ಆರಿಸಬೇಕೆಂದಿತ್ತು. 1958ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಅಭಿಪ್ರಾಯದಲ್ಲಿ ಈ ಶರತ್ತು ಹಿಂಜರಿಕೆಯಿಂದಲಾದರೂ ಉಳಿದುಕೊಂಡಿತು. 1959ರ ಜುಲೈ 31ರಂದು ಆ ಸರಕಾರವೇ ವಜಾ ಆಯಿತು, 1960ರ ತಿದ್ದುಪಡಿಯಲ್ಲಿ ಶರತ್ತು ಬಿದ್ದುಹೋಯಿತು. ಅಂದಿನಿಂದ ಸಂಬಳ ಖಜಾನೆಯದು, ನೇಮಕ ಮ್ಯಾನೇಜರರದು. ಅಷ್ಟಾದರೂ ಅನುದಾನಿತ ಶಾಲೆ ಫೀಸು ಕೇಳುವುದಿಲ್ಲ, ಹಾಡಿಯ ಮಗುವನ್ನು ಹೊರಗಿಡುವುದಿಲ್ಲ. ಆದ್ದರಿಂದ ನಾವು ಅದನ್ನು ಸಾರ್ವಜನಿಕವೆಂದೇ ಎಣಿಸುತ್ತೇವೆ. ಅನುದಾನರಹಿತ ಶಾಲೆಗೆ ಈ ಕಟ್ಟುಪಾಡು ಯಾವುದೂ ಇಲ್ಲ. ಮನಸ್ಸಿದ್ದರೆ ಸರಕಾರ ಏನು ಮಾಡಬಲ್ಲದೆಂಬುದಕ್ಕೆ ಕೋಳಿಕ್ಕೋಡಿನ ಮಲಾಪರಂಬ ಶಾಲೆ ಸಾಕ್ಷಿ. ಲಾಭವಿಲ್ಲವೆಂದು 2014ರಲ್ಲಿ ಮ್ಯಾನೇಜರರು ಕೆಡವಿಸಿದ ಕಟ್ಟಡವನ್ನು ಊರವರು ಮತ್ತೆ ಕಟ್ಟಿದರು. 2016ರಲ್ಲಿ ನ್ಯಾಯಾಲಯದ ಆದೇಶದಂತೆ ಬೀಗ ಬಿದ್ದಾಗ ಮಕ್ಕಳಿಗೆ ಕಲೆಕ್ಟರೇಟಿನ ಸಭಾಂಗಣದಲ್ಲೇ ಪಾಠ ನಡೆಯಿತು. ಕೊನೆಗೆ ಸರಕಾರ ಆ ಶಾಲೆಯ ಜೊತೆ ಇನ್ನೂ ಮೂರನ್ನು ವಹಿಸಿಕೊಂಡಿತು. ಕೋಳಿಕ್ಕೋಡು ಪತ್ರಿಕೆಗಳ ಕಣ್ಣಳತೆಯಲ್ಲಿದೆ. ಪಯ್ಯಂಪಳ್ಳಿ ಇಲ್ಲ.

ಮಗುವನ್ನು ಎಲ್ಲಿ ಓದಿಸಬೇಕೆಂಬುದು ಹೆತ್ತವರ ಇಷ್ಟ ಎನ್ನಬಹುದು. ಒಪ್ಪಿದ್ದೇವೆ; ಶಾಲೆ ನಡೆಸುವ ಹಕ್ಕನ್ನು 2002ರ ಟಿ.ಎಂ.ಎ. ಪೈ ತೀರ್ಪು, ಕಲಿಕೆಯ ಮಾಧ್ಯಮ ಆರಿಸುವ ಹಕ್ಕನ್ನು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲಿ ಬಂದ ತೀರ್ಪು ಸ್ಪಷ್ಟಪಡಿಸಿವೆ. ಆದರೆ ಒಬ್ಬರ ಇಷ್ಟದ ಬೆಲೆಯನ್ನು ಇನ್ನೊಬ್ಬರ ಮಗು ತೆರಬೇಕೆಂದು ಯಾವ ತೀರ್ಪೂ ಹೇಳಿಲ್ಲ. ಖಾಸಗಿ ಶಾಲೆಯಲ್ಲಿ ಶೇಕಡಾ 25 ಸೀಟು ಬಡವರಿಗೆ ಕೊಡಿಸಿದರಾಯಿತಲ್ಲ ಎಂಬುದು ಇನ್ನೊಂದು ಮಾತು. ನೆರೆಯ ಕರ್ನಾಟಕ ಅದನ್ನು ಮಾಡಿ ನೋಡಿದೆ. ಮರುಪಾವತಿಯ ಹಣ ಖಾಸಗಿಯವರಿಗೆ ಹೋಯಿತು, ಸರಕಾರಿ ಶಾಲೆಯ ಮಕ್ಕಳೂ ಅತ್ತ ಹೋದರು. 2019ರಲ್ಲಿ ನಿಯಮ ಬದಲಿಸಿ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆ ಮಾತ್ರ ಆ ಸೀಟು ಎಂದರು. ಹಾಗಾಗಿ ನಮಗೆ ಸೀಟು ಬೇಡ, ಅಧ್ಯಾಪಕರು ಬೇಕು. ಸಾರ್ವಜನಿಕ ಶಾಲೆಯ ಗುಣಮಟ್ಟ ಕುಸಿದದ್ದರಿಂದ ಮಕ್ಕಳು ಹೋಗುತ್ತಾರೆ ಎಂಬುದು ಮೂರನೆಯ ಮಾತು. ಹುದ್ದೆ ತೆಗೆದ ಮೇಲೆ ಗುಣಮಟ್ಟ ಅಳೆಯುವವರಿಗೆ ಏನು ಹೇಳುವುದು? ಇಲ್ಲಿ ಹೆತ್ತವರನ್ನು ಸೆಳೆಯುತ್ತಿರುವುದು ಇಂಗ್ಲಿಷಿಗಿಂತ ಬಸ್ಸು; ನಡೆದು ಹೋಗುವ ದಾರಿಯಲ್ಲಿ ಆನೆಯ ಭಯವಿದೆ. ಕರ್ನಾಟಕದಲ್ಲಿ ಹಿಡಿದು ಕೊರಳಿಗೆ ರೇಡಿಯೋ ಕಾಲರ್ ಹಾಕಿ ಬಿಟ್ಟ ಬೇಲೂರು ಮಖ್ನಾ ಆನೆ 2024ರ ಫೆಬ್ರವರಿ 10ರಂದು ಇಲ್ಲೇ ಪಡಮಲದಲ್ಲಿ ಮನೆಯಂಗಳಕ್ಕೆ ನುಗ್ಗಿ ರೈತರೊಬ್ಬರನ್ನು ಕೊಂದಿತು. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕ ಮೂರರೊಳಗೆ ಇದ್ದರೆ ಸಾಕೆನ್ನುವ ನಿಯಮ ಬರೆದವರು ಆ ದಾರಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಮಗುವನ್ನು ಒಬ್ಬಂಟಿ ಕಳಿಸುತ್ತಾರೆಯೇ?

ಆದ್ದರಿಂದ, ಕಾಡಂಚಿನ ಮತ್ತು ಹಾಡಿಗಳ ಮಕ್ಕಳು ಓದುವ ಶಾಲೆಗಳಲ್ಲಿ ಆರನೆಯ ದಿನದ ಎಣಿಕೆಯನ್ನು ಬಿಟ್ಟು ಜುಲೈ ಕೊನೆಯ ಹಾಜರಿಯನ್ನು, ಆಧಾರ್ ಇರಲಿ ಇಲ್ಲದಿರಲಿ, ಆಧಾರವಾಗಿ ಹಿಡಿಯಬೇಕು. ಈಗಿರುವ ಹುದ್ದೆಗಳನ್ನು ಐದು ವರ್ಷ ಮುಟ್ಟಬಾರದು. ಶಿಕ್ಷಣ ಹಕ್ಕು ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಹೊಸ ಖಾಸಗಿ ಶಾಲೆಗೆ ಮಾನ್ಯತೆ ನೀಡುವ ಮುನ್ನ, ಅದರ ಬಸ್ಸು ಓಡುವ ವ್ಯಾಪ್ತಿಯ ಸಾರ್ವಜನಿಕ ಶಾಲೆಗಳ ಪಿಟಿಎ ಮತ್ತು ನಗರಸಭೆಯ ಅಹವಾಲು ಕೇಳಬೇಕು. ಸಾರ್ವಜನಿಕ ಶಾಲೆಯ ಎಲ್ಲ ಮಕ್ಕಳಿಗೂ ವಾಹನ ಬೇಕು. ಸದ್ಯ ಹಾಡಿಗಳಿಂದ ಮಕ್ಕಳನ್ನು ತರುವ ಜೀಪುಗಳ ಬಾಡಿಗೆಯನ್ನು ತಿಂಗಳು ತಿಂಗಳು ಕೊಡಬೇಕು, ಗುತ್ತಿಗೆಯಲ್ಲಿ ಸ್ಥಳೀಯ ಜೀಪುಗಳಿಗೇ ಆದ್ಯತೆ ಇರಬೇಕು. ಬೆಟ್ಟ ಕುರುಬ, ಜೇನು ಕುರುಬ, ಗೌಡ ಮನೆಗಳ ಮಕ್ಕಳಿಗೆ ಸಂವಿಧಾನದ 350ಎ ವಿಧಿಯ ಆಶಯದಂತೆ ಮೊದಲೆರಡು ತರಗತಿಗಳಲ್ಲಿ ಕನ್ನಡ ಬಲ್ಲ ಅಧ್ಯಾಪಕರು ಬೇಕು. ಕಾಸರಗೋಡಿಗೆ ಸಲ್ಲುವುದು ಮಾನಂದವಾಡಿಗೆ ಏಕೆ ಸಲ್ಲದು? ಮೈಸೂರಿನಲ್ಲಿ ಡಿ.ಎಡ್. ಮುಗಿಸಿ ಕೆ-ಟೆಟ್ ಕನ್ನಡದಲ್ಲಿ ಪಾಸಾಗಿ ಮನೆಯಲ್ಲಿ ಕೂತಿರುವವರ ಸಮಾನತಾ ಪ್ರಮಾಣಪತ್ರಗಳನ್ನು ಈ ಸಲುವಾಗಿ ಬೇಗ ಇತ್ಯರ್ಥಪಡಿಸಬೇಕು (ಅವರಲ್ಲಿ ಕೆಲವರು ಸಹಿದಾರರ ಮಕ್ಕಳೇ ಎಂಬುದನ್ನು ನಾವು ಮುಚ್ಚಿಡುವುದಿಲ್ಲ). ಶಾಲೆಗಳ ಸುತ್ತ ಸೌರ ಬೇಲಿ, ಸೋರುವ ಅಡುಗೆಕೋಣೆಯ ದುರಸ್ತಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು, ಪಾಲ್‌ವೆಳಿಚ್ಚಂ ಕಡೆಯ ದಾರಿಗೆ ಬೀದಿದೀಪ ಇವೂ ಆಗಬೇಕಾದವೇ. ಸಮಿತಿಯು ಮುಂದಿನ ಜೂನ್ ಎಣಿಕೆಗೆ ಮೊದಲು ಮಾನಂದವಾಡಿಯಲ್ಲೇ ಬೈಠಕ್ ನಡೆಸಿ, ಇಲಾಖೆಯ ಅಧಿಕಾರಿಗಳ ಎದುರಿನಲ್ಲಿ ನಮ್ಮ ಮಾತು ಕೇಳಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಪಯ್ಯಂಪಳ್ಳಿ ಭಾಗದ ಹೆತ್ತವರು ಮತ್ತು ನಾಗರಿಕರು
(ಸಹಿಗಳು, ಲಗತ್ತುಗಳು ಪ್ರತ್ಯೇಕ ಹಾಳೆಗಳಲ್ಲಿ)