ಗೂಡಿನಲ್ಲಿ ಉಳಿದ ಅರ್ಧ ಬಾಟಲಿ

ಈ ಸಲ ಹಳೆಯ ನೆನಪುಗಳನ್ನು ಬದಿಗಿಟ್ಟು, ನಮ್ಮ ಮನೆಗಳ ಗೋಡೆಗೂಡಿನಲ್ಲೋ ಫ್ರಿಜ್ಜಿನ ಬಾಗಿಲಿನಲ್ಲೋ ಕುಳಿತಿರುವ ಒಂದು ಪುಟ್ಟ ಬಾಟಲಿಯ ಬಗ್ಗೆ ಬರೆಯಬೇಕೆನಿಸಿದೆ. ಮಕ್ಕಳಿಗೆ ಕೊಟ್ಟು, ಗುಣವಾಯಿತೆಂದು ಅರ್ಧಕ್ಕೆ ನಿಲ್ಲಿಸಿ, "ಇನ್ನೊಂದು ಸಲಕ್ಕೆ ಆಗುತ್ತೆ" ಎಂದು ಎತ್ತಿಟ್ಟ ಆಂಟಿಬಯಾಟಿಕ್ ಸಿರಪ್ಪಿನ ಬಾಟಲಿ ಅದು. ತರಗತಿಯಲ್ಲಿ ನಾವು ಇದನ್ನು ‘ಪ್ರತಿಜೈವಿಕ’ ಎಂದು ಕಲಿಸುತ್ತಿದ್ದೆವು. ಊರಿನಲ್ಲಿ ಇದರ ಹೆಸರು ಬೇರೆ. ಕೆಲವರಿಗೆ ಇದು ‘ಪವರ್ ಔಷಧಿ’, ಹಿರಿಯರಿಗೆ ಕುಡಿಯುವ ಔಷಧಿಯೆಲ್ಲ ‘ಟಾನಿಕ್’. ಹೆಸರಿನಲ್ಲೇ ಅರ್ಧ ಅನರ್ಥ ಅಡಗಿದೆ. ಟಾನಿಕ್ ಎಂದ ಮೇಲೆ ಒಂದು ಚಮಚ ಹೆಚ್ಚಾದರೇನು, ಕಡಿಮೆಯಾದರೇನು?

ನಂದಗುಡಿಯ ಸುತ್ತಲಿನ ಹಳ್ಳಿಗಳಲ್ಲಿ ಈಗ ಅನೇಕ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವವರು ಅಜ್ಜ ಅಜ್ಜಿಯರು. ತಂದೆ ತಾಯಿ ಬೆಳಗಿನ ಜಾವವೇ ಕಂಪನಿ ಬಸ್ಸು ಹತ್ತಿ ಹೊಸಕೋಟೆಗೋ ನರಸಾಪುರಕ್ಕೋ ಬೆಂಗಳೂರಿಗೋ ಹೊರಡುತ್ತಾರೆ. ಹೊರಡುವಾಗ "ಮಧ್ಯಾಹ್ನ ಒಂದು ಸಲ ಔಷಧಿ ಕುಡಿಸಮ್ಮ" ಎಂದು ಹೇಳಿರುತ್ತಾರೆ. ಅಜ್ಜಿ ಓದಿದವಳಾದರೂ ಬಾಟಲಿಯ ಮೇಲಿನ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ ಅವಳ ಕಣ್ಣಿಗೆ ಕಾಣದು. ಹೀಗಾಗಿ ಈ ಬರಹ ನನ್ನ ವಿದ್ಯಾರ್ಥಿಗಳಾಗಿದ್ದು ಈಗ ತಂದೆ ತಾಯಿಯರಾಗಿರುವ ನಿಮಗೆ ಎಷ್ಟೋ, ನನ್ನ ವಾರಿಗೆಯ ಅಜ್ಜ ಅಜ್ಜಿಯರಿಗೂ ಅಷ್ಟೇ.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥದೇ ಬಾಟಲಿ ಹಿಡಿದು ಮನೆಗೆ ಬಂದಳು. "ಮೇಷ್ಟ್ರೇ, ದೊಡ್ಡವನಿಗೆ ತಂದಿದ್ದು ಉಳಿದಿದೆ. ಚಿಕ್ಕವಳಿಗೂ ಅದೇ ಕೆಮ್ಮು. ಅರ್ಧ ಮುಚ್ಚಳ ಕೊಟ್ಟರೆ ಆಯ್ತಲ್ವಾ?" ಎಂದು ಕೇಳಿದಳು. ದೊಡ್ಡವನಿಗೆ ಆರು ವರ್ಷ, ಚಿಕ್ಕವಳಿಗೆ ಒಂದೂವರೆ. ಔಷಧಿಗೆ ನೀರು ಬೆರೆಸಿ ಮೂರು ವಾರ ಕಳೆದಿತ್ತು. ಅವಳು ಜಾಣೆ, ಗಣಿತದಲ್ಲಿ ಯಾವಾಗಲೂ ಮುಂದೆ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದಕ್ಕೆ ಆಧಾರವೇ ಇರಲಿಲ್ಲ. ಡಾಕ್ಟರರ ಬಳಿಗೆ ಕಳಿಸಿದೆ. ಅವರು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಇದು ವೈರಸ್ಸಿನಿಂದ ಬಂದ ನೆಗಡಿ, ಆಂಟಿಬಯಾಟಿಕ್ ಬೇಡವೇ ಬೇಡ ಎಂದರಂತೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಆಂಟಿಬಯಾಟಿಕ್ ಕೊಲ್ಲುವುದು ಅಥವಾ ತಡೆಯುವುದು ಬ್ಯಾಕ್ಟೀರಿಯಾಗಳನ್ನು ಮಾತ್ರ. ಮಕ್ಕಳ ನೆಗಡಿ, ಮೂಗು ಸುರಿತ, ಸಾಮಾನ್ಯ ಕೆಮ್ಮುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವು. ವೈರಸ್ಸಿನ ಮುಂದೆ ಈ ಔಷಧಿ ಏನನ್ನೂ ಮಾಡಲಾರದು. ವಾಂತಿ ಭೇದಿಯಾದ ಬಹುಪಾಲು ಮಕ್ಕಳಿಗೆ ಬೇಕಾದದ್ದು ಓಆರ್‌ಎಸ್ ನೀರು ಮತ್ತು ಸತುವಿನ ಔಷಧಿ. ನೆಗಡಿ ಹೇಗೂ ವಾರದಲ್ಲಿ ತಾನಾಗಿ ಹೋಗುತ್ತದೆ, ಹೆಸರು ಮಾತ್ರ ಬಾಟಲಿಗೆ ಬರುತ್ತದೆ. ಮುಂದಿನ ಸಲ ಅದೇ ಖಾಲಿ ಬಾಟಲಿಯನ್ನು ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ "ಇದೇ ಕೊಡಿ" ಎನ್ನುತ್ತೇವೆ.

ಹಾಗೆಂದು ಆಂಟಿಬಯಾಟಿಕ್ ಎಂದರೆ ವಿಷ ಎಂಬಂತೆ ಹೆದರುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ತಂದೆ ತಾಯಿಯರ ಬಾಲ್ಯದಲ್ಲಿ ಈ ಔಷಧಿಯೇ ಇರಲಿಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ನಮ್ಮ ದೇಶ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯನ್ನು ಕಟ್ಟಿದ್ದು 1954ರಲ್ಲಿ. ಬೆಂಗಳೂರಿನಲ್ಲಿಯೇ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಎಂಬ ಸರ್ಕಾರಿ ಕಂಪನಿ 1981ರಲ್ಲಿ ಹುಟ್ಟಿತು. ನ್ಯುಮೋನಿಯಾ ಬಂದ ಮಗು ಬದುಕುತ್ತದೆ ಎಂಬ ಧೈರ್ಯ ನಮಗೆ ಬಂದದ್ದು ಹೀಗೆ. ಗಂಟಲಿಗೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ತಗುಲಿದಾಗ ಚಿಕಿತ್ಸೆ ಸರಿಯಾಗಿ ಆಗದಿದ್ದರೆ ಕೆಲವು ಮಕ್ಕಳಿಗೆ ಮುಂದೆ ಕೀಲು ನೋವಿನ ಜ್ವರ ಬಂದು ಹೃದಯದ ಕವಾಟಗಳು ಹಾಳಾಗುತ್ತವೆ. ಹಾಗಾಗಿಯೇ ಅಂಥ ಗಂಟಲು ನೋವಿಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಅನ್ನು ಸಾಮಾನ್ಯವಾಗಿ ಹತ್ತು ದಿನ ಬರೆಯುತ್ತಾರೆ. ಮೂರನೆಯ ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸುವವರಿಗೆ ಈ ಕವಾಟದ ಸಂಗತಿ ಗೊತ್ತಿರುವುದಿಲ್ಲ.

ಎಷ್ಟು ದಿನ ಎಂಬ ಪ್ರಶ್ನೆಯಲ್ಲಿ ಈಚೆಗೆ ತಿಳಿವಳಿಕೆ ಬದಲಾಗಿದೆ. ಎಲ್ಲ ಕಾಯಿಲೆಗೂ ಉದ್ದದ ಕೋರ್ಸ್ ಬೇಕಿಲ್ಲ ಎಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೆಲವು ತಜ್ಞರು ಬರೆದಾಗ ದೊಡ್ಡ ಚರ್ಚೆಯೇ ಆಯಿತು. ಮಕ್ಕಳ ನ್ಯುಮೋನಿಯಾಕ್ಕೆ ಎಷ್ಟೋ ಸಂದರ್ಭಗಳಲ್ಲಿ ಐದು ದಿನ ಸಾಕು ಎನ್ನುತ್ತಾರೆ. ಇದನ್ನು ಓದಿದ ಯಾರೋ "ಕೋರ್ಸ್ ಮುಗಿಸಬೇಕಿಲ್ಲವಂತೆ" ಎಂದು ವಾಟ್ಸಾಪಿನಲ್ಲಿ ಹಂಚುತ್ತಾರೆ. ಯಾವ ಕಾಯಿಲೆಗೆ ಎಷ್ಟು ದಿನ ಎಂದು ಹೇಳಬೇಕಾದವರು ಮಗುವನ್ನು ಪರೀಕ್ಷಿಸಿದ ವೈದ್ಯರು. ಅಜ್ಜಿಯಲ್ಲ, ವಾಟ್ಸಾಪಲ್ಲ, ಈ ಮೇಷ್ಟ್ರೂ ಅಲ್ಲ.

ಇನ್ನು ಔಷಧಿ ಕಲಸುವ ವಿಚಾರ. ಇಲ್ಲಿ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಸುಮ್ಮನಿರಲಾರ, ಸಹಿಸಿಕೊಳ್ಳಿ. ಅಮಾಕ್ಸಿಸಿಲಿನ್‌ನಂಥ ಸಿರಪ್ಪು ಪುಡಿಯಾಗಿ ಬರುವುದೇಕೆ? ಆ ಔಷಧಿಯ ಅಣುವಿನಲ್ಲಿರುವ ಒಂದು ಉಂಗುರ ನೀರಿನಲ್ಲಿ ಮೆಲ್ಲಗೆ ಮುರಿದುಹೋಗುತ್ತದೆ. ಉಂಗುರ ಮುರಿದರೆ ಔಷಧಿಗೆ ಶಕ್ತಿಯಿಲ್ಲ. ಅದಕ್ಕಾಗಿಯೇ ಅಂಗಡಿಯಲ್ಲಿ ಒಣಪುಡಿಯಾಗಿಟ್ಟು, ಮನೆಯಲ್ಲಿ ನೀರು ಬೆರೆಸಿಕೊಳ್ಳುವ ಏರ್ಪಾಡು. ನೀರು ಬೆರೆಸಿದ ದಿನದಿಂದ ಇಂಥ ಬಹುಪಾಲು ಔಷಧಿಗಳ ಆಯಸ್ಸು ಏಳು ದಿನ, ಲೇಬಲ್ಲಿನಲ್ಲಿ ಬರೆದಷ್ಟು. ಡಬ್ಬಿಯ ಮೇಲೆ ಎರಡು ವರ್ಷ ಮುಂದಿನ ತಾರೀಖಿರುವುದು ಒಣಪುಡಿಗೆ. ಹತ್ತು ದಿನದ ಔಷಧಿ ಬರೆದಿದ್ದರೆ ಎರಡನೆಯ ಬಾಟಲಿ ಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ.

ಬಾಟಲಿಯನ್ನು ಮೊದಲು ತಟ್ಟಿ ಪುಡಿಯನ್ನು ಸಡಿಲಿಸಬೇಕು. ಕುದಿಸಿ ಪೂರ್ತಿ ಆರಿಸಿದ ನೀರನ್ನು ಹಾಕಬೇಕು. ಕೆಲವು ಡಬ್ಬಿಗಳಲ್ಲಿ ಶುದ್ಧ ನೀರನ್ನು ಕಂಪನಿಯವರೇ ಇಟ್ಟಿರುತ್ತಾರೆ. ಮೊದಲು ಸ್ವಲ್ಪ ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿಯುವ ತನಕ ಕಾದು, ಮತ್ತೆ ಗುರುತಿನವರೆಗೆ ತುಂಬಬೇಕು. ಎಂಟನೆಯ ತರಗತಿಯಲ್ಲಿ ಅಳತೆಯ ಜಾಡಿಯನ್ನು ಮೇಜಿನ ಮೇಲಿಟ್ಟು ಕಣ್ಣನ್ನು ಅದರ ಮಟ್ಟಕ್ಕೆ ತಂದು ಓದಿಸಿದ್ದು ನೆನಪಿದೆಯಲ್ಲವೇ? ಇಲ್ಲೂ ಅದೇ ಮಟ್ಟ. 5 ಮಿಲಿಗೆ 125 ಮಿಲಿಗ್ರಾಂ ಇರುವ 30 ಮಿಲಿಯ ಬಾಟಲಿಯಲ್ಲಿ ಒಟ್ಟು ಔಷಧಿ 750 ಮಿಲಿಗ್ರಾಂ. ಕೈ ತಪ್ಪಿ 40 ಮಿಲಿಯಷ್ಟು ಮಾಡಿದರೆ ಪ್ರತಿ 5 ಮಿಲಿಗೆ ಸುಮಾರು 94 ಮಿಲಿಗ್ರಾಂ ಮಾತ್ರ ಸಿಗುತ್ತದೆ. ಮಗುವಿಗೆ ದಿನವೂ ಕಾಲು ಭಾಗ ಕಡಿಮೆ ಔಷಧಿ. ನೀರು ಕಡಿಮೆಯಾದರೆ ಇದಕ್ಕೆ ವಿರುದ್ಧ. ಪ್ರತಿ ಸಲ ಕುಡಿಸುವ ಮುನ್ನ ಕುಲುಕದಿದ್ದರೆ ಪುಡಿ ತಳದಲ್ಲಿ ಕೂರುತ್ತದೆ, ಮೊದಲ ದಿನಗಳಲ್ಲಿ ನೀರು, ಕೊನೆಯ ದಿನಗಳಲ್ಲಿ ಗಟ್ಟಿ ಔಷಧಿ.

ಅಡುಗೆಮನೆಯ ಚಮಚವನ್ನು ದಯವಿಟ್ಟು ಬಿಟ್ಟುಬಿಡಿ. ಒಂದು ಚಮಚ 3 ಮಿಲಿ ಹಿಡಿದರೆ ಇನ್ನೊಂದು 7 ಮಿಲಿ ಹಿಡಿದೀತು. ಬಾಟಲಿಯ ಜೊತೆಗೆ ಬರುವ ಅಳತೆಯ ಮುಚ್ಚಳ, ಅದಕ್ಕಿಂತ ಸೂಜಿಯಿಲ್ಲದ ಸಿರಿಂಜು ಉತ್ತಮ. ಮಕ್ಕಳ ಡೋಸನ್ನು ವೈದ್ಯರು ತೂಕ ನೋಡಿ ಲೆಕ್ಕ ಹಾಕುತ್ತಾರೆ. ಅದೇ ಹೆಸರಿನ ಔಷಧಿ 5 ಮಿಲಿಗೆ 125 ಇರುವುದೂ ಉಂಟು, 250 ಇರುವುದೂ ಉಂಟು. "ಒಂದು ಮುಚ್ಚಳ" ಎಂಬ ಮಾತಿಗೆ ಅರ್ಥವೇ ಇಲ್ಲ, "ಇಷ್ಟು ಮಿಲಿ" ಎಂದು ಕೇಳಿ ಬರೆಸಿಕೊಳ್ಳಿ. ಕ್ಲಾವುಲನಿಕ್ ಆಮ್ಲ ಸೇರಿದ ಅಮಾಕ್ಸಿಸಿಲಿನ್ ಅನ್ನು ಕಲಸಿದ ಮೇಲೆ ಫ್ರಿಜ್ಜಿನಲ್ಲಿಡಬೇಕು, ಹೆಪ್ಪುಗಟ್ಟುವ ಖಾನೆಯಲ್ಲಲ್ಲ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅದರಲ್ಲಿ ಸಂಕೋಚವೇನು? ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡರಷ್ಟು ಕೊಡಬಾರದು. ಕುಡಿದ ಮೇಲೆ ಮೈಮೇಲೆ ದದ್ದು ಎದ್ದರೆ ಔಷಧಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮುಖ, ತುಟಿ ಊದಿದರೆ, ಉಸಿರು ಕಟ್ಟಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹಿಂದೆ ಹೀಗಾಗಿದ್ದರೆ ಆ ಔಷಧಿಯ ಹೆಸರನ್ನು ಮಗುವಿನ ಲಸಿಕೆಯ ಕಾರ್ಡಿನಲ್ಲಿ ಬರೆದಿಡಿ.

ಹಸುವಿಗೆ ಕೆಚ್ಚಲು ಬಾವು ಬಂದು ಪಶುವೈದ್ಯರು ಆಂಟಿಬಯಾಟಿಕ್ ಕೊಟ್ಟಾಗ, ಇಷ್ಟು ದಿನ ಡೈರಿಗೆ ಹಾಲು ಹಾಕಬೇಡಿ ಎನ್ನುತ್ತಾರೆ. ನಮ್ಮ ಕಡೆಯ ರೈತ ನಷ್ಟವಾದರೂ ದಿನ ಎಣಿಸುತ್ತಾನೆ. ಹಸುವಿನ ವಿಷಯದಲ್ಲಿರುವ ಈ ಲೆಕ್ಕ ಮೊಮ್ಮಗುವಿನ ಬಾಟಲಿಯ ಹತ್ತಿರ ಬಂದಾಗ ಎಲ್ಲಿ ಹೋಗುತ್ತದೋ ನನಗೆ ತಿಳಿಯದು.

ಅನಗತ್ಯವಾಗಿ, ಅರೆಬರೆಯಾಗಿ ಬಳಸಿದ ಔಷಧಿಗೆ ಬ್ಯಾಕ್ಟೀರಿಯಾಗಳು ಜಗ್ಗದಂತಾಗುತ್ತವೆ. ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆದಾಗ ಮಾಡಿದ ಭಾಷಣದಲ್ಲಿಯೇ ಇದನ್ನು ಒಂದು ಕಲ್ಪಿತ ಕಥೆಯಾಗಿ ಹೇಳಿದ್ದರು. ಗಂಟಲು ನೋವಿಗೆ ಒಬ್ಬ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಪಳಗಿದ ಆ ಬ್ಯಾಕ್ಟೀರಿಯಾ ಅವನ ಹೆಂಡತಿಗೆ ಅಂಟಿ ನ್ಯುಮೋನಿಯಾ ತರುತ್ತದೆ. ಔಷಧಿ ನಾಟದೆ ಅವಳು ತೀರಿಕೊಳ್ಳುತ್ತಾಳೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜು ಹೇಳುತ್ತದೆ. ಕಥೆಯಲ್ಲಿ ತಪ್ಪು ಮಾಡಿದವನೊಬ್ಬ, ಪ್ರಾಣ ಕೊಟ್ಟವಳು ಇನ್ನೊಬ್ಬಳು ಎಂಬುದನ್ನು ಗಮನಿಸಿ.

ಕಾನೂನು ಇಲ್ಲವೆಂದಲ್ಲ. ವೈದ್ಯರ ಚೀಟಿಯಿಲ್ಲದೆ ಈ ಔಷಧಿಗಳನ್ನು ಮಾರುವಂತಿಲ್ಲ. ಸೆಫಿಕ್ಸಿಮ್ ಮುಂತಾದವುಗಳನ್ನು 2014ರ ಮಾರ್ಚ್‌ನಿಂದ ಎಚ್1 ಎಂಬ ಪಟ್ಟಿಗೆ ಸೇರಿಸಿ, ಯಾರು ಬರೆದರು, ಯಾರಿಗೆ ಕೊಟ್ಟಿತು ಎಂದು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಡಬೇಕೆಂದು ವಿಧಿಸಿದ್ದಾರೆ. ಲೇಬಲ್ಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ನಡೆಸಿತು. ಕೇರಳ ಸರ್ಕಾರ 2024ರಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಔಷಧಿ ಅಂಗಡಿಗಳ ತಪಾಸಣೆಯನ್ನು ಬಿಗಿ ಮಾಡಿತು. ಕಾಸರಗೋಡಿನ ನಮ್ಮ ಬಂಧುವೊಬ್ಬರು "ಚೀಟಿ ಇಲ್ಲದೆ ಕೊಡೋದೇ ಇಲ್ಲ ಅಂತಾರೆ" ಎಂದು ದೂರಿದಾಗ ನನಗೆ ಸಂತೋಷವೇ ಆಯಿತು. ಅಂಥ ಬಿಗಿ ನಮ್ಮಲ್ಲೂ ಬರಬೇಕೆಂಬುದು ನನ್ನ ಅಭಿಪ್ರಾಯ.

ಆದರೆ ಬಿಗಿಯೊಂದೇ ಸಾಲದು. ಜ್ವರದ ಮಗುವನ್ನು ಡಾಕ್ಟರರಿಗೆ ತೋರಿಸಲು ತಾಯಿ ಒಂದು ದಿನದ ಕೂಲಿ ಬಿಡಬೇಕು, ಬಸ್ಸಿಗೆ ಕಾಯಬೇಕು. ಅವಳು ಅಂಗಡಿಯ ಮುಂದೆ ನಿಲ್ಲುವುದು ಅಜ್ಞಾನದಿಂದಲ್ಲ, ಅನಿವಾರ್ಯದಿಂದ. ಹಾಗಾಗಿ ಯಾವಾಗ ಕಾಯಬಹುದು, ಯಾವಾಗ ಕಾಯಬಾರದು ಎಂಬುದಾದರೂ ಮನೆಯಲ್ಲಿ ಗೊತ್ತಿರಬೇಕು. ಮಗು ಅಳದೆ ಶಾಂತವಾಗಿರುವಾಗ ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಿಸಿ. ಎರಡರಿಂದ ಹನ್ನೆರಡು ತಿಂಗಳ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು. ಪಕ್ಕೆಗಳು ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಮಗು ಹಾಲು ನೀರು ಮುಟ್ಟದಿದ್ದರೆ ಆಸ್ಪತ್ರೆಗೇ ಹೋಗಬೇಕು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರಂತೂ ಎಣಿಕೆಗೆ ಕೂರಬೇಡಿ, ಹೊರಡಿ.

ಔಷಧಿ ಅಂಗಡಿ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆಯಿದೆ. ಮಕ್ಕಳ ಸಿರಪ್ಪನ್ನು ಕೊಡುವಾಗ ಬಾಟಲಿಗೆ ಒಂದು ಕನ್ನಡ ಚೀಟಿ ಅಂಟಿಸಿ. ಮಗುವಿನ ಹೆಸರು, ಎಷ್ಟು ಮಿಲಿ, ಎಷ್ಟು ಗಂಟೆಗೊಮ್ಮೆ, ಎಷ್ಟು ದಿನ, ನೀರು ಬೆರೆಸಿದ ತಾರೀಖು, ಎಸೆಯಬೇಕಾದ ತಾರೀಖು. ಅಜ್ಜಿಯ ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿರಲಿ. ಸಾಧ್ಯವಾದರೆ ನೀರನ್ನೂ ನಿಮ್ಮ ಎದುರಿನಲ್ಲೇ ಬೆರೆಸಿಕೊಡಿ. ಚೀಟಿಯ ಮಾದರಿಯನ್ನು ನಾನು ಬರೆದಿಟ್ಟಿದ್ದೇನೆ. ಮೊದಲ ಒಂದು ಸಾವಿರ ಚೀಟಿಗಳ ಮುದ್ರಣದ ಖರ್ಚು ನನ್ನದು. ಬೇಕಾದವರು ಸಂಜೆ ಐದರ ಮೇಲೆ ಮನೆಗೆ ಬನ್ನಿ.