ಗದ್ದಲದ ನಡುವೆ ಪಾಠ

‘ಹಿಂದಿನ ಬೆಂಚಿನವರಿಗೆ ಪಾಠದ ಕಡೆ ಲಕ್ಷ್ಯವಿಲ್ಲ’ ಎಂಬ ಆಕ್ಷೇಪಣೆ ನಮ್ಮ ಕಾಲೇಜುಗಳಲ್ಲಿ ಬಹಳ ಹಳೆಯದು. ಅದರಲ್ಲಿ ಸತ್ಯಾಂಶವಿಲ್ಲವೆಂದು ನಾನು ವಾದಿಸಲಾರೆ. ಆದರೆ ತೀರ್ಪು ಕೊಡುವ ಮೊದಲು, ಪಾಠವು ಹಿಂದಿನ ಬೆಂಚಿನವರೆಗೆ ತಲುಪುತ್ತಿದೆಯೇ ಎಂದು ವಿಚಾರಿಸುವುದು ನ್ಯಾಯವಲ್ಲವೆ?

ಕಿವಿಗೆ ಆರಿಸಿಕೊಳ್ಳುವ ಶಕ್ತಿಯಿಲ್ಲ. ಅಧ್ಯಾಪಕರ ಧ್ವನಿ, ಫ್ಯಾನಿನ ಸದ್ದು, ರಸ್ತೆಯ ಬಸ್ಸಿನ ಹಾರನ್, ಪಕ್ಕದವನ ಪಿಸುಮಾತು ಎಲ್ಲವೂ ಒಂದಾಗಿ ಬೆರೆತು ಕಿವಿಯ ತಮಟೆಯನ್ನು ಅಲುಗಿಸುತ್ತವೆ. ಈ ಬೆರಕೆಯಿಂದ ಒಬ್ಬರ ಮಾತನ್ನು ಹೆಕ್ಕಿ ತೆಗೆಯುವುದು ಮೆದುಳಿನ ಕೆಲಸ. ಒಂದು ಕಡೆಯಿಂದ ಬಂದ ಶಬ್ದವು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಮುಟ್ಟುತ್ತದೆ. ಈ ಅಂತರ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಿಂದಲೇ ಮೆದುಳು ಧ್ವನಿಯ ದಿಕ್ಕನ್ನು ಅಳೆದುಬಿಡುತ್ತದೆ. ಜಾತ್ರೆಯ ಗಲಾಟೆಯಲ್ಲೂ ಗೆಳೆಯನೊಡನೆ ನಾವು ಮಾತನಾಡಬಲ್ಲೆವಾದರೆ ಅದಕ್ಕೆ ಇಂತಹ ಲೆಕ್ಕಾಚಾರವೇ ಕಾರಣ.

ಈ ವಿಷಯವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಕಾಲಿನ್ ಚೆರಿ ಪ್ರಮುಖರು. 1953ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೇಳುಗರ ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತ ಹೋಗಲು ತಿಳಿಸಲಾಯಿತು. ಇನ್ನೊಂದು ಕಿವಿಯಲ್ಲಿ ಗಂಡಸಿನ ಧ್ವನಿ ಹೋಗಿ ಹೆಂಗಸಿನ ಧ್ವನಿ ಬಂದದ್ದು ಅವರಿಗೆ ತಿಳಿಯಿತು. ಏನು ಹೇಳಿದರೆಂಬುದು ಮಾತ್ರ ತಿಳಿಯಲಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು, ಮೂರ್ಛೆರೋಗದ ಚಿಕಿತ್ಸೆಗೆಂದು ಮೆದುಳಿನ ಮೇಲೆ ವಿದ್ಯುದ್ವಾಹಕಗಳನ್ನು ಇರಿಸಿಕೊಂಡಿದ್ದ ರೋಗಿಗಳಿಗೆ ಇಬ್ಬರ ಮಾತನ್ನು ಒಟ್ಟಿಗೆ ಕೇಳಿಸಿದರು. ರೋಗಿ ಯಾರ ಮಾತಿಗೆ ಮನಸ್ಸು ಕೊಟ್ಟಿದ್ದನೋ ಮುಖ್ಯವಾಗಿ ಆ ಧ್ವನಿಯೇ ಮೆದುಳಿನ ಶ್ರವಣಭಾಗದಲ್ಲಿ ಮೂಡಿತ್ತು.

ಆದುದರಿಂದ ಗಮನವಿಟ್ಟರೆ ಸಾಕು ಎಂದು ಕೆಲವರು ಹೇಳಬಹುದು. ಸಾಲದು. ಗದ್ದಲವು ಅಕ್ಷರಗಳನ್ನೇ ನುಂಗಿಬಿಟ್ಟಾಗ ಮೆದುಳು ತನಗೆ ಗೊತ್ತಿರುವುದರಿಂದ ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ. 1970ರಲ್ಲಿ ಅಮೆರಿಕದ ರಿಚರ್ಡ್ ವಾರನ್, ಧ್ವನಿಮುದ್ರಿಸಿದ ವಾಕ್ಯವೊಂದರಲ್ಲಿ ಒಂದು ಅಕ್ಷರದ ಧ್ವನಿಯನ್ನು ತೆಗೆದು ಆ ಸ್ಥಳದಲ್ಲಿ ಕೆಮ್ಮನ್ನು ಸೇರಿಸಿದರು. ಕೇಳಿದ 20 ಮಂದಿಯಲ್ಲಿ 19 ಮಂದಿ ಯಾವ ಧ್ವನಿಯೂ ಬಿಟ್ಟುಹೋಗಿಲ್ಲವೆಂದರು! ‘ಮಳೆ ಬಂದು ಕೆರೆ ತುಂಬಿತು’ ಎನ್ನುವಾಗ ಒಂದು ಅಕ್ಷರವು ಕೆಮ್ಮಿನಲ್ಲಿ ಮುಳುಗಿಹೋದರೂ ನಮಗೆ ವಾಕ್ಯ ಪೂರ್ತಿಯಾಗಿ ಕೇಳಿಸುತ್ತದೆ. ಕೆರೆಯೂ ಮಳೆಯೂ ನಮಗೆ ಗೊತ್ತು. ಅರ್ಥಶಾಸ್ತ್ರದ ಹೊಸ ಪದವೊಂದು ಹಾರನ್ನಿನಲ್ಲಿ ಮುಳುಗಿದರೆ ಅದನ್ನು ಯಾವ ಬಂಡವಾಳದಿಂದ ತುಂಬಿಕೊಳ್ಳುವುದು?

ನನ್ನ ಮುಖ್ಯ ವಾದವಿರುವುದು ಇಲ್ಲಿಯೇ. ಗದ್ದಲದ ತೆರಿಗೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದು, ಇಲ್ಲಿ ಇಂಗ್ಲಿಷಿನ ಉಪನ್ಯಾಸಕ್ಕೆ ಕುಳಿತ ವಿದ್ಯಾರ್ಥಿಯನ್ನು ನೋಡಿರಿ. ಎರಡನೆಯ ಭಾಷೆಯನ್ನು ನಿಶ್ಶಬ್ದದಲ್ಲಿ ಚೆನ್ನಾಗಿ ಗ್ರಹಿಸುವವನೂ ಗದ್ದಲದಲ್ಲಿ ಆ ಭಾಷೆಯಲ್ಲೇ ಬೆಳೆದವನಿಗಿಂತ ಬೇಗ ಸೋಲುತ್ತಾನೆಂದು ಪ್ರಯೋಗಗಳು ತೋರಿಸಿವೆ. ಕಷ್ಟಪಟ್ಟು ಪದಗಳನ್ನು ಹಿಡಿದರೂ, ಹಿಡಿಯುವುದಕ್ಕೇ ಶಕ್ತಿ ವ್ಯಯವಾಗಿ ನೆನಪಿಡುವುದಕ್ಕೆ ಅಷ್ಟು ಉಳಿಯುವುದಿಲ್ಲ. ಬಾಲ್ಯದಲ್ಲಿ ಕಿವಿ ಸೋರಿ ಶ್ರವಣಶಕ್ತಿ ಕುಂದಿದವನ ಪಾಡು ಇನ್ನೂ ಕಠಿನ. ತನಗೆ ನ್ಯೂನತೆಯಿದೆಯೆಂಬುದು ಅವನಿಗೇ ಗೊತ್ತಿಲ್ಲದಿರಬಹುದು. ಇವರನ್ನೆಲ್ಲ ದಡ್ಡರೆಂದೂ ಸೋಮಾರಿಗಳೆಂದೂ ಕರೆಯುವುದು ಸುಲಭ, ಆದರೆ ಅನ್ಯಾಯ.

‘ಹಿಂದಿನವರು ಮರದ ನೆರಳಿನಲ್ಲಿ ಕುಳಿತು ಕಲಿಯಲಿಲ್ಲವೆ?’ ಎಂದು ಹಿರಿಯರು ಕೇಳಬಹುದು. ಕಲಿತರು, ನಿಜ. ಆದರೆ ಮರದ ಕೆಳಗೆ ಶಿಷ್ಯರು ಗುರುವಿನ ಹತ್ತಿರ ಕುಳಿತು ಅವರ ಮುಖವನ್ನು ಕಾಣುತ್ತಿದ್ದರು. ಮಾತು ಬಡಿದು ಪ್ರತಿಧ್ವನಿಸಲು ಅಲ್ಲಿ ಗೋಡೆಗಳಿರಲಿಲ್ಲ. ನಮ್ಮದು ಎತ್ತರದ ಛಾವಣಿಯ, ಬರಿಗೋಡೆಯ, ತುಂಬಿದ ಕೊಠಡಿ.

ಪಾಠದ ವೇಳೆಯಲ್ಲಿ ಕೊಠಡಿಯ ಹಿನ್ನೆಲೆ ಶಬ್ದ 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಿದ್ಯಾಸಂಸ್ಥೆಗಳ ಸುತ್ತಣ 100 ಮೀಟರನ್ನು ನಿಶ್ಶಬ್ದ ವಲಯವಾಗಿಸಲು ಅವಕಾಶ ಕೊಟ್ಟು, ಅಲ್ಲಿ ಹಗಲಿಗೆ 50 ಡೆಸಿಬೆಲ್‌ಗಳ ಮಿತಿಯನ್ನು ಇಟ್ಟಿವೆ. ನಿಯಮವನ್ನು ರಸ್ತೆಯ ಮೇಲೆ ಜಾರಿಗೆ ತರುವುದು ಅಧಿಕಾರಿಗಳ ಕೆಲಸ. ಆದರೆ ಖರ್ಚಿಲ್ಲದೆ ನಾವೇ ಮಾಡಬಹುದಾದವು ಕೆಲವಿವೆ. ಅಧ್ಯಾಪಕರು ಬೋರ್ಡಿನತ್ತ ತಿರುಗಿ ಮಾತನಾಡದೆ ನಮ್ಮತ್ತ ನೋಡಿ ಮಾತನಾಡಲಿ; ತುಟಿಯ ಚಲನೆ ಕಂಡರೆ ಗದ್ದಲದಲ್ಲಿ ಮಾತು ಹೆಚ್ಚು ತಿಳಿಯುತ್ತದೆಂಬುದು 1954ರಷ್ಟು ಹಿಂದೆಯೇ ಅಮೆರಿಕದಲ್ಲಿ ಸಿದ್ಧಪಟ್ಟಿದೆ. ಹೊಸ ಪದವನ್ನು ಒಮ್ಮೆ ಬರೆದು ತೋರಿಸಲಿ. ಕಿವಿ ಮಂದವಾದವರಿಗೂ ಭಾಷೆ ಹೊಸದಾದವರಿಗೂ ಮುಂದಿನ ಬೆಂಚು ಸಿಗಲಿ. ಕಿರುಗುಟ್ಟುವ ಫ್ಯಾನಿಗೆ ಎಣ್ಣೆ ಬೀಳಲಿ.

ನಮ್ಮ ಪಾಲೂ ಇದೆ, ಮಿತ್ರರೆ. ನಾಳಿನ ಪಾಠವನ್ನು ಇಂದೇ ಒಮ್ಮೆ ಓದಿಕೊಂಡು ಬಂದರೆ, ಬಿಟ್ಟುಹೋದ ಪದವನ್ನು ತುಂಬಿಕೊಳ್ಳಲು ಮೆದುಳಿಗೆ ಬಂಡವಾಳ ದೊರೆಯುತ್ತದೆ. ಮತ್ತೊಂದು ಮಾತು: ಫ್ಯಾನಿನ ಅರ್ಥವಿಲ್ಲದ ಸದ್ದಿಗಿಂತ ಅರ್ಥವಾಗುವ ಮಾತು ಮನಸ್ಸನ್ನು ಹೆಚ್ಚು ಸೆಳೆಯುತ್ತದೆ. ಹಿಂದೆ ಕುಳಿತು ನಿನ್ನೆಯ ಕ್ರಿಕೆಟ್ ಪಂದ್ಯದ ಬಗ್ಗೆ ನಾವು ಪಿಸುಗುಟ್ಟುವುದು, ಎಷ್ಟೇ ಮೆಲ್ಲಗಿದ್ದರೂ, ಪಕ್ಕದವನ ಪಾಠವನ್ನು ಕದ್ದಂತೆಯೇ. ದೂರದ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಆ ಪಾಠಕ್ಕಾಗಿಯೇ ಬಂದವನು ಅವನಾಗಿರಬಹುದು.