ಬಡಿಸುವವನ ಹಸಿವು

ಹಿಂದೆ ಶಿಕಾರಿಪುರದಿಂದ ಸೊರಬಕ್ಕೆ ಹೊರಟವರು ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಕುಮುದ್ವತಿಯ ಸೀಮೆಯನ್ನು ಬಿಟ್ಟು ದಂಡಾವತಿಯ ದಡವನ್ನು ಸೇರುವುದರೊಳಗೆ ಒಂದು ಮರದ ನೆರಳು, ಒಂದು ಸಿಹಿನೀರಿನ ಬಾವಿ ದೊರೆತರೆ ಸಾಕಾಗಿತ್ತು. ಗಂಟು ಬಿಚ್ಚಿದಲ್ಲಿಯೇ ಊಟದ ಮನೆ. ಈಗ ಬುತ್ತಿಯ ಕಾಲ ಹೋಗಿದೆ. ಬಳ್ಳಿಗಾವೆಯ ದೇಗುಲಗಳನ್ನೂ ಅಕ್ಕನ ಉಡುತಡಿಯನ್ನೂ ನೋಡಬಂದವರು, ಗುಡವಿಯ ಹಕ್ಕಿಗಳಿಗಾಗಿ ಬಂದವರು, ಚಂದ್ರಗುತ್ತಿಯ ದೇವಿಯ ದರ್ಶನಕ್ಕೆ ಹೊರಟವರು ಹಾದಿಯಲ್ಲಿ ಹೋಟೆಲನ್ನು ಅರಸುತ್ತಾರೆ. ಅದರಲ್ಲಿಯೂ ಅಡಿಕೆ ಬಾಳೆಗಳ ನಡುವೆ ಮೇಜು ಹಾಕಿದ ತೋಟದ ಹೋಟೆಲೆಂದರೆ ಮಕ್ಕಳಿಗೆ ಹಿಗ್ಗು, ಹಿರಿಯರಿಗೆ ತಂಪು.

ಕಳೆದ ಮಾರ್ಗಶಿರದಲ್ಲಿ ನಾವು ಪರಿಚಿತರ ಕುಟುಂಬವೊಂದರೊಡನೆ ಸೊರಬದಲ್ಲಿ ನಡೆಯಲಿದ್ದ ಗೃಹಪ್ರವೇಶಕ್ಕೆ ಹೊರಟಿದ್ದೆವು. ನಡುಹಾದಿಯಲ್ಲಿ ಅಂಥದೊಂದು ತೋಟದ ಹೋಟೆಲಿನಲ್ಲಿ ಇಳಿದೆವು. ಸ್ಥಳ ರಮ್ಯವಾಗಿತ್ತು. ಫಲಕದಲ್ಲಿ ಅಕ್ಕಿರೊಟ್ಟಿಯೂ ಇತ್ತು, ಜೋಳದ ರೊಟ್ಟಿಯೂ ಇತ್ತು. ಮಲೆನಾಡು ಬಯಲುಸೀಮೆಗಳೆರಡೂ ಕೈಕೂಡಿಸುವ ಈ ಭಾಗಕ್ಕೆ ಅದು ಸಹಜವೇ. ಆದರೆ ಎಂಟು ಮೇಜುಗಳಿಗೆ ಬಡಿಸುವವನು ಒಬ್ಬನೇ, ಇಪ್ಪತ್ತರ ಆಸುಪಾಸಿನ ಯುವಕ. ಮುಕ್ಕಾಲು ಗಂಟೆ ಕಾದ ಮೇಲೆ ರೊಟ್ಟಿ ಬಂದಿತು, ತಣ್ಣಗಾಗಿ ಬಂದಿತು. ನೀರನ್ನು ಎರಡು ಬಾರಿ ಕೇಳಬೇಕಾಯಿತು. ನಮ್ಮ ಜೊತೆಗಿದ್ದ ಯಜಮಾನರು ವಿದ್ಯಾವಂತರು, ಸಜ್ಜನರು. ಹಸಿವಿನ ಮುಂದೆ ಅವರ ಸಜ್ಜನಿಕೆ ಸ್ವಲ್ಪ ಹಿಂದೆ ಸರಿಯಿತು. “ಪುಕ್ಕಟೆ ತಿನ್ನಲು ಬಂದವರೆಂದು ತಿಳಿದೆಯೇನು?” ಎಂದು ಎಲ್ಲರೆದುರಿಗೆ ಗದರಿಸಿದರು. ಆ ಹುಡುಗ “ತಪ್ಪಾಯಿತು” ಎಂದನೇ ಹೊರತು ಮತ್ತೊಂದು ಮಾತನಾಡಲಿಲ್ಲ. ನಾವೂ ಆಡಲಿಲ್ಲ.

ಕೈತೊಳೆಯಲು ಹಿತ್ತಲಿಗೆ ಹೋದಾಗ ಅವನು ತೊಟ್ಟಿಯ ಬಳಿ ನಿಂತು ಗಟಗಟನೆ ನೀರು ಕುಡಿಯುತ್ತಿದ್ದುದನ್ನು ಕಂಡೆವು. ವಿಚಾರಿಸಿದೆವು. ಜೊತೆಗಾರನು ಜ್ವರದಿಂದ ಮಲಗಿದ್ದನಂತೆ. ತಾನು ಬೆಳಿಗ್ಗೆ ಕುಡಿದ ಚಹಾದ ಮೇಲೆ ಏನೂ ತಿಂದಿರಲಿಲ್ಲವಂತೆ. ಆಗ ಹಗಲು ಮೂರು ಗಂಟೆ. ಅಷ್ಟು ಹೊತ್ತೂ ಅವನು ಅನ್ನದ ನಡುವೆಯೇ ಓಡಾಡುತ್ತಿದ್ದನು!

ನಮಗೆ ಮಠದ ದಿನಗಳು ನೆನಪಾದವು. ಬಾಲ್ಯದಲ್ಲಿ ಪಂಕ್ತಿಗೆ ಬಡಿಸುವ ಪಾಳಿ ನಮ್ಮದೂ ಇರುತ್ತಿತ್ತು. “ಬಡಿಸುವವನು ಎಲೆಯನ್ನು ನೋಡಬೇಕು, ಮುಖವನ್ನಲ್ಲ” ಎಂದು ಹಿರಿಯರು ಹೇಳುತ್ತಿದ್ದರು. ಎಲೆಯಲ್ಲಿ ಏನು ತೀರಿದೆಯೋ ಅದನ್ನು ಬಡಿಸು. ಉಣ್ಣುವವನು ಸಿರಿವಂತನೋ ಬಡವನೋ ಎಂದು ಎಣಿಸಬೇಡವೆಂಬುದು ಅದರ ಅರ್ಥ. ಆದರೆ ಅದೇ ಹಿರಿಯರು ಪಂಕ್ತಿ ಎದ್ದ ಮೇಲೆ ಬಡಿಸಿದ ಹುಡುಗರನ್ನು ಸಾಲಾಗಿ ಕೂರಿಸಿ, ತಾವೇ ಎದುರಿಗೆ ನಿಂತು ಊಟ ಮಾಡಿಸುತ್ತಿದ್ದರು. ಮೊದಲನೆಯ ಪಾಠವನ್ನು ಮಾತಿನಲ್ಲಿ ಕಲಿತೆವು. ಎರಡನೆಯದು ಮಾತಿಲ್ಲದೆ ನಡೆದುದರಿಂದ ಮರೆತೆವೆಂದು ತೋರುತ್ತದೆ.

ಈ ಹಾದಿಯ ಅನ್ನದ ಕಥೆ ಹಳೆಯದು. ಶಿರಾಳಕೊಪ್ಪಕ್ಕೆ ಸಮೀಪದ ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಸನ್ನಿಧಿಗೆ ಸೇರಿದ ಕೋಡಿಯ ಮಠವಿತ್ತು. ಕಾಳಾಮುಖ ಶೈವಾಚಾರ್ಯರ ಪ್ರಸಿದ್ಧ ವಿದ್ಯಾಸ್ಥಾನವದು. 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ಹೇಳಿ, ಅನ್ನ ದೊರೆಯುತ್ತಿದ್ದವರನ್ನೂ ಹೆಸರಿಸುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ನರ್ತಿಸುವವರು, ನಾನಾ ಮತದ ಸನ್ಯಾಸಿಗಳು. ರೋಗಿಗಳಿಗೆ ಅಲ್ಲಿ ಚಿಕಿತ್ಸೆಯೂ ಇತ್ತು. ಶೈವರ ಮಠವೊಂದು ಜೈನ ಕ್ಷಪಣಕರನ್ನೂ ಈ ಪಟ್ಟಿಯಲ್ಲಿ ಸೇರಿಸಿಕೊಂಡಿತ್ತೆಂಬುದನ್ನು ಓದುಗರು ಗಮನಿಸಬೇಕು. ಅಲ್ಲಿ ಹಸಿವೇ ಅರ್ಹತೆಯಾಗಿತ್ತು.

ಹೋಟೆಲು ಮಠವಲ್ಲ, ನಿಜ. ಮಾಲೀಕನಿಗೆ ಬಾಡಿಗೆಯುಂಟು, ಸಾಲವುಂಟು, ಸಂಸಾರವುಂಟು. ಅವನು ಲಾಭವನ್ನು ನೋಡುವುದು ತಪ್ಪಲ್ಲ, ಅದೂ ಕಾಯಕವೇ. ಹಾಗೆಯೇ ಹಣ ಕೊಟ್ಟವನು ಬಿಸಿಯಾದ, ಶುಚಿಯಾದ ಆಹಾರವನ್ನು ಕೇಳುವುದೂ ತಪ್ಪಲ್ಲ. ತಣ್ಣನೆಯ ರೊಟ್ಟಿಯನ್ನು ಮೌನವಾಗಿ ನುಂಗುವುದನ್ನು ನಾವು ಸದ್ಗುಣವೆನ್ನಲಾರೆವು. ಆದರೆ ನಾವು ತೆತ್ತ ಹಣಕ್ಕೆ ರೊಟ್ಟಿ ಸಿಗುತ್ತದೆ; ರೊಟ್ಟಿ ತಂದವನ ಮಾನವು ಆ ಬೆಲೆಯಲ್ಲಿ ಸೇರಿಲ್ಲ. ಎಂಟು ಮೇಜು ಹಾಕಿ ಎರಡೇ ಕೈಗಳನ್ನು ಇಟ್ಟವನು ಮಾಲೀಕ. ದೂರು ಸಲ್ಲಬೇಕಾದದ್ದು ಅವನಿಗೆ. ಬೈಗುಳ ಬಿದ್ದದ್ದು ಆ ಕೈಗಳಿಗೆ.

ಹಣ ಕೊಡುವಾಗ ಬಿಲ್ಲಿನಲ್ಲಿ ಸೇವಾಶುಲ್ಕವೆಂಬ ಒಂದು ಸಾಲಿತ್ತು. ಹೋಟೆಲಿನವರು ಇಂಥ ಶುಲ್ಕವನ್ನು ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಸರ್ಕಾರದ ತೆರಿಗೆ ಬೇರೆ, ಈ ಶುಲ್ಕ ಬೇರೆ. ನಾವು ಮಾಲೀಕನನ್ನು ಪಕ್ಕಕ್ಕೆ ಕರೆದು ಮೂರು ಮಾತುಗಳನ್ನು ಮೆಲ್ಲಗೆ ಹೇಳಿದೆವು: ರೊಟ್ಟಿ ತಣ್ಣಗಿತ್ತು; ಈ ಶುಲ್ಕ ಸಲ್ಲದು; ನಿಮ್ಮ ಹುಡುಗ ಇನ್ನೂ ಉಂಡಿಲ್ಲ. ಮೊದಲೆರಡು ಮಾತಿಗೆ ಅವರು ತಲೆಯಾಡಿಸಿ ಶುಲ್ಕವನ್ನು ಹೊಡೆದುಹಾಕಿದರು. ಮೂರನೆಯದಕ್ಕೆ ಮುಖ ಬಾಡಿತು. “ನನಗೆ ಹೊಳೆಯಲೇ ಇಲ್ಲ” ಎಂದರು. ಅವರು ಸುಳ್ಳು ಹೇಳಿದರೆಂದು ನಮಗೆ ಅನ್ನಿಸಲಿಲ್ಲ. ನಮಗೂ ಹಿತ್ತಲಿಗೆ ಹೋಗುವವರೆಗೆ ಹೊಳೆದಿರಲಿಲ್ಲವಲ್ಲ!

ಕುಟುಂಬಸಮೇತ ಹೊರಗೆ ಉಣ್ಣುವವರಲ್ಲಿ ನಮ್ಮ ಅರಿಕೆ ಇಷ್ಟು. ಬಿಲ್ಲನ್ನು ಓದಿರಿ, ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳ ಸಂಖ್ಯೆ ಅದರಲ್ಲಿರಬೇಕು. ಲೋಪವಿದ್ದರೆ ಮಾಲೀಕನಿಗೆ ಹೇಳಿರಿ. ಅವನು ಕೇಳದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯುಂಟು. ನಾವು ಚಿಕ್ಕವರಾಗಿದ್ದಾಗ ಹತ್ತು ವರ್ಷದ ಹುಡುಗರು ಹೋಟೆಲುಗಳಲ್ಲಿ ಮೇಜು ಒರೆಸುತ್ತಿದ್ದರು. ನಾವು ಅವರನ್ನು ‘ಮಾಣಿ’ ಎಂದು ಕೂಗಿ ಚಹಾ ತರಿಸಿಕೊಳ್ಳುತ್ತಿದ್ದೆವು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರಿನಿಂದ ನಿಷಿದ್ಧವಾಗಿದೆ. ಎಲ್ಲಿಯಾದರೂ ಅಂಥ ಮಗುವನ್ನು ಕಂಡರೆ ಚಹಾ ಕುಡಿದು ಎದ್ದುಬರಬೇಡಿರಿ, 1098ಕ್ಕೆ ತಿಳಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಬಡಿಸುವವರೊಡನೆ ನೀವು ಆಡುವ ಮಾತನ್ನು ನಿಮ್ಮ ಮಕ್ಕಳು ಕೇಳುತ್ತಿರುತ್ತಾರೆಂಬುದನ್ನು ಮರೆಯಬೇಡಿರಿ. ನಾವು ಬರೆಯುವ ನೀತಿಲೇಖನಗಳಿಗಿಂತ ಆ ಪಾಠ ಬೇಗ ಮನಸ್ಸಿಗೆ ಹತ್ತುತ್ತದೆ.

ಮರುದಿನ ಹಿಂದಿರುಗುವಾಗ ಯಜಮಾನರೇ ಆ ತೋಟದ ಮುಂದೆ ವಾಹನ ನಿಲ್ಲಿಸಿದರು. ಅಂದೂ ಹುಡುಗ ಒಬ್ಬನೇ ಇದ್ದನು. ಆದರೆ ಮೂರು ಮೇಜುಗಳನ್ನು ಮಗುಚಿ ಬದಿಗೆ ಇಡಲಾಗಿತ್ತು. ರೊಟ್ಟಿ ಬಿಸಿಯಾಗಿ ಬಂದಿತು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಲೆಯೆತ್ತಿ ಕೇಳಿದರು: “ಊಟವಾಯಿತೇನಪ್ಪಾ?”

ಹಿಂದಿನ ದಿನವೇ ನಾವು ಕೇಳಬೇಕಾಗಿದ್ದ ಮಾತು ಅದು.